ಆಪರೇಷನ್ ಗಂಡನಿಗೋ, ಹೆಂಡತಿಗೋ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಹೆರಿಗೆಗೆ ಆಸ್ಪತ್ರೆ ಸೇರಿದ ಹೆಣ್ಣುಮಗಳಿಗೆ ನೋವಿನ ನಡುವೆಯೇ ಒಂದು ಪ್ರಶ್ನೆ ಎದುರಾಗುತ್ತದೆ: "ಆಪರೇಷನ್ ಮಾಡಿಸ್ತೀಯೇನವ್ವಾ?" ಗಂಡ ಹೊರಗೆ ಔಷಧಿ ಚೀಟಿ ಹಿಡಿದು ನಿಂತಿರುತ್ತಾನೆ. ಅವನನ್ನು ಯಾರೂ ಕೇಳುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಇದೇ ಕಥೆ.

ಮುಂದೆ ಮಕ್ಕಳಾಗದಂತೆ ಮಾಡುವ ಆಪರೇಷನ್ ಇದು. ಮಕ್ಕಳು ಸಾಕು ಎಂದುಕೊಂಡವರು ಈ ಮಾತನ್ನು ಹೆರಿಗೆ ವಾರ್ಡಿನ ತನಕ ಎಳೆಯಬಾರದು. ಏಳನೇ ಎಂಟನೇ ತಿಂಗಳಲ್ಲೇ ಮನೆಯಲ್ಲಿ ಇಬ್ಬರೂ ಕೂತು ಮಾತಾಡಬೇಕು. ಅದಕ್ಕೆ ಬೇಕಾದ ವಿವರ ಇಲ್ಲಿದೆ. ನನ್ನ ಒಲವು ಯಾವ ಕಡೆ ಎಂದು ಓದುತ್ತಾ ಗೊತ್ತಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿಮ್ಮ ಮೈ ನೋಡಿ ಹೇಳಬೇಕಾದ್ದನ್ನು ಡಾಕ್ಟರೇ ಹೇಳಬೇಕು.

ಈ ಎರಡು ಆಪರೇಷನ್‌ಗಳಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಗಂಡಸಿಗೆ ಮಾಡುವುದು ವ್ಯಾಸೆಕ್ಟಮಿ. ವೀರ್ಯಾಣು ತಯಾರಾಗುವುದು ಬೀಜದಲ್ಲಿ. ಅಲ್ಲಿಂದ ಅದನ್ನು ಮೇಲಕ್ಕೆ ಒಯ್ಯುವ ಸಣ್ಣ ನಾಳಗಳು ಎರಡಿವೆ. ಬೀಜದ ಚೀಲದ ಚರ್ಮದ ಕೆಳಗೇ ಇರುವುದರಿಂದ ಅವು ಕೈಗೆ ಸಿಗುತ್ತವೆ. ಅಲ್ಲಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಂದು ಚಿಕ್ಕ ತೂತು ಮಾಡಿ, ನಾಳವನ್ನು ಹೊರಗೆಳೆದು ಕತ್ತರಿಸಿ ಕಟ್ಟುತ್ತಾರೆ. ಈಗ ಬಹುತೇಕ ಕಡೆ ಮಾಡುವುದು ಎನ್‌ಎಸ್‌ವಿ, ಅಂದರೆ ಚಾಕು ಬಳಸದ ವಿಧಾನ. 1974ರಲ್ಲಿ ಚೀನಾದ ವೈದ್ಯ ಲೀ ಶುನ್‌ಕಿಯಾಂಗ್ ಇದನ್ನು ರೂಪಿಸಿದರು. ಹೊಲಿಗೆ ಬೇಕಾಗುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಅರ್ಧ ಗಂಟೆ ಮಲಗಿಸಿ ಮನೆಗೆ ಕಳಿಸುತ್ತಾರೆ.

ಹೆಂಗಸಿಗೆ ಮಾಡುವುದು ಟ್ಯೂಬೆಕ್ಟಮಿ. ಅಂಡಾಣು ಗರ್ಭಕೋಶಕ್ಕೆ ಬರುವ ಎರಡು ನಾಳಗಳನ್ನು ಮುಚ್ಚುತ್ತಾರೆ. ಇವು ಹೊಟ್ಟೆಯ ಒಳಗಿವೆ. ಹಾಗಾಗಿ ಹೊಟ್ಟೆ ತೆರೆಯಲೇಬೇಕು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಮಾಡಿದರೆ ಹೊಕ್ಕುಳದ ಹತ್ತಿರ ಸಣ್ಣದಾಗಿ ಕೊಯ್ದು ಮಾಡುತ್ತಾರೆ, ಅದು ಮಿನಿಲ್ಯಾಪ್. ನಂತರದ ದಿನಗಳಲ್ಲಾದರೆ ಮಿನಿಲ್ಯಾಪ್ ಅಥವಾ ಲ್ಯಾಪ್ರೊಸ್ಕೋಪ್. ಲ್ಯಾಪ್ರೊಸ್ಕೋಪ್‌ನಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿ, ದುರ್ಬೀನಿನಂಥ ನಳಿಕೆ ಇಳಿಸಿ, ನಾಳಕ್ಕೆ ಉಂಗುರ ಹಾಕುತ್ತಾರೆ. ಆ ಗ್ಯಾಸ್‌ನಿಂದಾಗಿ ಒಂದೆರಡು ದಿನ ಭುಜ ನೋಯುವುದುಂಟು, ಅದಕ್ಕೆ ಹೆದರಬೇಡಿ.

ಇಬ್ಬರಲ್ಲೂ ಯಾವ ಅಂಗವನ್ನೂ ತೆಗೆಯುವುದಿಲ್ಲ. ದಾರಿ ಮುಚ್ಚುತ್ತಾರೆ, ಅಷ್ಟೇ.

ಎರಡರಲ್ಲಿ ಯಾವುದು ಸುಲಭ, ಯಾವುದು ಸುರಕ್ಷಿತ?

ಗಂಡಸಿನದು. ಇದರಲ್ಲಿ ಡಾಕ್ಟರುಗಳ ನಡುವೆ ಜಗಳವೇ ಇಲ್ಲ.

ಚರ್ಮದ ಕೆಳಗಿನ ಕೆಲಸಕ್ಕೂ ಹೊಟ್ಟೆಯೊಳಗಿನ ಕೆಲಸಕ್ಕೂ ಇರುವ ವ್ಯತ್ಯಾಸ ಇದು. ಟ್ಯೂಬೆಕ್ಟಮಿಯಲ್ಲಿ ಕರುಳಿಗೋ ಮೂತ್ರಚೀಲಕ್ಕೋ ರಕ್ತನಾಳಕ್ಕೋ ಪೆಟ್ಟು ಬೀಳುವ ಸಂಭವ ಕಡಿಮೆ, ಆದರೆ ಇದ್ದೇ ಇದೆ. ಜೊತೆಗೆ ಮಂಪರಿನ ಔಷಧಿಯದೋ, ಬೆನ್ನಿಗೆ ಕೊಡುವ ಇಂಜೆಕ್ಷನ್‌ನದೋ ಅಪಾಯ. ವ್ಯಾಸೆಕ್ಟಮಿಯಲ್ಲಿ ಆಗುವ ತೊಂದರೆಗಳೆಂದರೆ ಬಾವು, ರಕ್ತ ಹೆಪ್ಪುಗಟ್ಟಿ ಗಂಟಾಗುವುದು, ಸೋಂಕು. ನೂರರಲ್ಲಿ ಒಬ್ಬಿಬ್ಬರಿಗೆ ಬೀಜದಲ್ಲಿ ನೋವು ತಿಂಗಳುಗಟ್ಟಲೆ ಉಳಿಯಬಹುದು. ಇದನ್ನು ಕೆಲವರು ಹೇಳದೇ ಬಿಡುತ್ತಾರೆ. ಹೇಳಿಯೇ ಒಪ್ಪಿಸಬೇಕು ಅನ್ನುವವನು ನಾನು.

ಹಾಗಾದರೆ ಗಂಡಸರು ಯಾಕೆ ಮಾಡಿಸಿಕೊಳ್ಳುವುದಿಲ್ಲ?

ಮೊದಲು ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಹೆಂಗಸರಲ್ಲಿ ಶೇ. 37.9 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡವರು ಶೇ. 0.3. ಕರ್ನಾಟಕದಲ್ಲಿ ಹೆಂಗಸರ ಪಾಲು ಶೇ. 57ರ ಮೇಲೆ. ಗಂಡಸರ ಪಾಲು ಲೆಕ್ಕಕ್ಕೇ ಸಿಗದಷ್ಟು ಕಡಿಮೆ.

ಒಂದು ಕಾಲಕ್ಕೆ ಹೀಗಿರಲಿಲ್ಲ. 1952ರಲ್ಲೇ ಭಾರತ ಕುಟುಂಬ ಯೋಜನೆ ಶುರು ಮಾಡಿತ್ತು. ಮುಂದಿನ ವರ್ಷಗಳಲ್ಲಿ ವ್ಯಾಸೆಕ್ಟಮಿಯೇ ಜಾಸ್ತಿ ನಡೆಯುತ್ತಿತ್ತು. ಆಮೇಲೆ ತುರ್ತು ಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಅದರಲ್ಲಿ 60 ಲಕ್ಷಕ್ಕಿಂತ ಜಾಸ್ತಿ ಗಂಡಸರದು. ಗುರಿ ಮುಟ್ಟಲು ಎಷ್ಟೋ ಕಡೆ ಬಲವಂತ ಮಾಡಿದರು. ಆ ಸಿಟ್ಟು, ಆ ಭಯ ಇನ್ನೂ ಇಳಿದಿಲ್ಲ. ಸರ್ಕಾರವೂ ಗಂಡಸರ ತಂಟೆ ಬೇಡವೆಂದು ಪೂರಾ ಹೆಂಗಸರ ಕಡೆ ತಿರುಗಿತು. ಅಜ್ಜಂದಿರ ಮೇಲಾದ ಅನ್ಯಾಯದ ಬಾಕಿಯನ್ನು ಮೊಮ್ಮಕ್ಕಳ ಹೆಂಡಂದಿರು ತೀರಿಸುತ್ತಿದ್ದಾರೆ ಎಂದರೆ ತಪ್ಪಾಗಲಾರದು.

ಉಳಿದದ್ದು ಮನೆಯ ಮಾತು. "ದುಡಿಯೋ ಗಂಡಸಿಗೆ ಯಾಕ ಕತ್ತರಿ ಹಚ್ಚಸ್ತೀ?" ಎಂದು ಅತ್ತೆ ಕೇಳುತ್ತಾಳೆ. ಭತ್ತದ ಗದ್ದೆಯಲ್ಲಿ ಬಾಗಿ ನಾಟಿ ಮಾಡುವವಳು, ಹತ್ತಿ ಬಿಡಿಸುವವಳು, ಮನೆಗೆ ಬಂದು ಮತ್ತೆ ರೊಟ್ಟಿ ಬಡಿಯುವವಳು ದುಡಿಯುವವಳಲ್ಲವೇ? ಇದಕ್ಕೆ ಉತ್ತರ ಯಾರ ಹತ್ತಿರವೂ ಇಲ್ಲ.

ಗಂಡಸುತನ ಹೋಗುತ್ತದೆ ಅಂತಾರಲ್ಲ?

ಹೋಗುವುದಿಲ್ಲ. ಗಂಡಸುತನಕ್ಕೆ ಬೇಕಾದ ಹಾರ್ಮೋನು ಬೀಜದಿಂದ ನೇರ ರಕ್ತಕ್ಕೆ ಸೇರುತ್ತದೆ. ಕತ್ತರಿಸಿದ ನಾಳಕ್ಕೂ ಅದಕ್ಕೂ ಸಂಬಂಧವಿಲ್ಲ. ಆಸೆ, ಗಡಸುತನ, ಸುಖ ಎಲ್ಲಾ ಮೊದಲಿನಂತೆಯೇ ಇರುತ್ತವೆ. ವೀರ್ಯವೂ ಮೊದಲಿನಷ್ಟೇ ಬರುತ್ತದೆ, ಏಕೆಂದರೆ ಅದರಲ್ಲಿ ವೀರ್ಯಾಣುವಿನ ಪಾಲು ತೀರಾ ಕಡಿಮೆ. ಹೆಚ್ಚಿನ ಪಾಲು ಬೇರೆ ಗ್ರಂಥಿಗಳ ರಸ. ಕಣ್ಣಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೊರಗೆ ಬಾರದ ವೀರ್ಯಾಣುಗಳನ್ನು ಮೈಯೇ ಕರಗಿಸಿಕೊಳ್ಳುತ್ತದೆ. ಅವು ಒಳಗೆ ಕೊಳೆತು ರೋಗ ಬರುತ್ತದೆ ಅನ್ನುವುದೂ ಸುಳ್ಳು.

ಬೀಜ ಒಡೆಯುವುದೇ ಬೇರೆ, ಇದೇ ಬೇರೆ. ಎತ್ತಿನ ಬೀಜ ಒಡೆಸಿದ್ದನ್ನು ನೋಡಿ ಬೆಳೆದ ನಮ್ಮ ಕಡೆಯ ಗಂಡಸರಿಗೆ ಮನಸ್ಸಿನಲ್ಲಿ ಸುಳಿಯುವುದು ಅದೇ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಹಾಗಾಗಿ ನಾನೇ ಹೇಳಿಬಿಟ್ಟೆ.

ನಾನು ಎಪಿಎಂಸಿಯಲ್ಲಿ ಹಮಾಲಿ. ಚೀಲ ಹೊರಬೇಕು. ಎಷ್ಟು ದಿನ ಕೂಲಿ ಹೋಗುತ್ತದೆ?

ಎರಡು ದಿನ ಪೂರ್ತಿ ವಿಶ್ರಾಂತಿ. ಆಮೇಲೆ ಹಗುರ ಕೆಲಸ ಮಾಡಬಹುದು. ಚೀಲ ಹೊರುವುದು, ಸೈಕಲ್ ತುಳಿಯುವುದು, ಟ್ರ್ಯಾಕ್ಟರ್ ಮೇಲೆ ಕುಲುಕುತ್ತಾ ಹೋಗುವುದು ಒಂದು ವಾರ ಬೇಡ. ಬಿಗಿಯಾದ ಚಡ್ಡಿಯನ್ನೋ ಲಂಗೋಟಿಯನ್ನೋ ಹಾಕಿಕೊಂಡು ಬೀಜಕ್ಕೆ ಆಸರೆ ಕೊಡಿ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಬಾವು ಇಳಿಯುತ್ತದೆ. ಗಾಯಕ್ಕೆ ನೀರು ತಾಗಿಸಬೇಡಿ. ನೋವಿನ ಮಾತ್ರೆ ಆಸ್ಪತ್ರೆಯಲ್ಲೇ ಕೊಡುತ್ತಾರೆ.

ಹೆಂಡತಿಗೆ ಮಾಡಿಸಿದರೆ ಎರಡು ದಿನ ವಿಶ್ರಾಂತಿ, ಆಮೇಲೆ ಹಗುರ ಕೆಲಸ, ಮೊದಲಿನಂತೆ ಆಗಲು ಎರಡು ವಾರವಾದರೂ ಬೇಕು. ಹೊಟ್ಟೆಗೆ ಬಿದ್ದ ಹೊಲಿಗೆಯನ್ನು ಏಳನೇ ದಿನ ನೋಡುತ್ತಾರೆ. ಕೊಡ ಎತ್ತುವುದು, ಸೌದೆ ಹೊರುವುದು, ಮೇವಿನ ಹೊರೆ ತರುವುದು ಇಷ್ಟು ದಿನ ಯಾರಾದರೂ ನೋಡಿಕೊಳ್ಳಲೇಬೇಕು. ಕೂಲಿ ಲೆಕ್ಕ ಹಾಕುವಾಗ ಇವಳ ಕೂಲಿಯನ್ನೂ ಸೇರಿಸಿ. ಆಗ ಯಾವುದು ಅಗ್ಗ ಎಂದು ತಾನೇ ಗೊತ್ತಾಗುತ್ತದೆ.

ವ್ಯಾಸೆಕ್ಟಮಿ ಆದ ದಿನದಿಂದಲೇ ಧೈರ್ಯವಾಗಿ ಇರಬಹುದಾ?

ಇರಬಾರದು. ಇಲ್ಲೇ ಜನ ಎಡವುವುದು, ಹಾಗಾಗಿ ನಿಧಾನವಾಗಿ ಓದಿ.

ನಾಳ ಕಟ್ಟಿದ ಜಾಗದಿಂದ ಮುಂದಕ್ಕೆ ಮೊದಲೇ ಹೋಗಿ ನಿಂತ ವೀರ್ಯಾಣುಗಳಿರುತ್ತವೆ. ಅವು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಪ್ರತಿ ಸಲ ಕಾಂಡೋಮ್ ಬಳಸಬೇಕು. ಇಲ್ಲವೇ ಹೆಂಡತಿ ಬೇರೆ ಯಾವುದಾದರೂ ವಿಧಾನ ಬಳಸಬೇಕು. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂದು ಬಂದರೆ ಮಾತ್ರ ಆಪರೇಷನ್ ಮುಗಿಯಿತು ಎಂದರ್ಥ. ಸರ್ಟಿಫಿಕೇಟ್ ಕೊಡುವುದೂ ಆಗಲೇ.

ಪರೀಕ್ಷೆಗೆ ಹೋಗಲು ಗಂಡಸರು ನಾಚುತ್ತಾರೆ. "ಎಲ್ಲಾ ಸರಿ ಐತಿ, ಮತ್ಯಾಕ?" ಅನ್ನುತ್ತಾರೆ. ಅದರ ಬೆಲೆ ತೆರುವವಳು ಹೆಂಡತಿ. ಎರಡನೇ ತಿಂಗಳಲ್ಲಿ ಮುಟ್ಟು ನಿಂತಿತು ಅಂದುಕೊಳ್ಳಿ. ಗಂಡನಿಗೆ ಆಪರೇಷನ್ ಆಗಿದೆ, ಹೆಂಡತಿ ಬಸುರಿ. ಓಣಿಯ ಬಾಯಿ ಏನು ಹೇಳುತ್ತದೆ ಎಂದು ಬರೆದು ತಿಳಿಸಬೇಕಿಲ್ಲ. ತಪ್ಪು ಅವಳದಲ್ಲ, ಕಾಂಡೋಮ್ ಬಿಟ್ಟಿದ್ದು, ಪರೀಕ್ಷೆ ತಪ್ಪಿಸಿದ್ದು ಕಾರಣ. ಹಾಗಾಗಿ ಆಪರೇಷನ್ ಆದ ದಿನವೇ ಮೂರು ತಿಂಗಳ ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅನುಮಾನಕ್ಕೆ ಜಾಗವೇ ಇರಬಾರದು.

ಟ್ಯೂಬೆಕ್ಟಮಿಯಲ್ಲಿ ಈ ಕಾಯುವಿಕೆ ಇಲ್ಲ. ಅದು ಆದ ದಿನದಿಂದಲೇ ಕೆಲಸ ಮಾಡುತ್ತದೆ. ಅದರ ಪರವಾಗಿ ಹೇಳಬಹುದಾದ ದೊಡ್ಡ ಮಾತೇ ಇದು.

ಆಪರೇಷನ್ ಫೇಲ್ ಆಗುತ್ತದಾ?

ಅಪರೂಪಕ್ಕೆ ಎರಡೂ ಫೇಲ್ ಆಗುತ್ತವೆ. ವೀರ್ಯ ಪರೀಕ್ಷೆಯಲ್ಲಿ ಪಾಸಾದ ವ್ಯಾಸೆಕ್ಟಮಿಯಲ್ಲಿ ಸುಮಾರು 2,000ಕ್ಕೆ ಒಂದು. ಟ್ಯೂಬೆಕ್ಟಮಿಯಲ್ಲಿ ಸುಮಾರು 200ಕ್ಕೆ ಒಂದು. ನಾಳ ತಾನಾಗೇ ಕೂಡಿಕೊಳ್ಳುವುದುಂಟು.

ಟ್ಯೂಬೆಕ್ಟಮಿ ಆದ ಹೆಂಗಸಿಗೆ ಮುಟ್ಟು ತಪ್ಪಿದರೆ "ಆಪರೇಷನ್ ಆಗ್ಯಾದಲ್ಲ, ಏನಿರಲ್ಲ" ಎಂದು ಸುಮ್ನೆ ಕೂರಬಾರದು. ಎರಡು ವಾರದೊಳಗೆ ಆಸ್ಪತ್ರೆಗೆ ಹೋಗಬೇಕು. ಆಪರೇಷನ್ ಫೇಲಾಗಿ ಬಸುರಾದರೆ ಅದು ಗರ್ಭಕೋಶದ ಬದಲು ನಾಳದಲ್ಲೇ ನಿಲ್ಲುವ ಸಂಭವ ಜಾಸ್ತಿ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಹರಿದು ಜೀವಕ್ಕೇ ಅಪಾಯ. ಮುಟ್ಟು ತಪ್ಪಿ, ಹೊಟ್ಟೆಯ ಒಂದು ಬದಿಗೆ ವಿಪರೀತ ನೋವು, ತಲೆಸುತ್ತು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನನ್ನ ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಹಬ್ಬಕ್ಕೆ ಮಾತ್ರ ಬರುತ್ತಾರೆ. ನಮಗೆ ಯಾವುದು ಸರಿ?

ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಮನೆಗಳ ಪರಿಸ್ಥಿತಿ ಇದು. ಎರಡು ದಾರಿ ಇವೆ.

ಉಗಾದಿಗೋ ದೀಪಾವಳಿಗೋ ಬಂದಾಗ ವ್ಯಾಸೆಕ್ಟಮಿ ಮಾಡಿಸಿ, ಒಂದು ವಾರ ಇದ್ದು ಹೋಗಬಹುದು. ವೀರ್ಯ ಪರೀಕ್ಷೆಯನ್ನು ಊರಿಗೇ ಬಂದು ಮಾಡಿಸಬೇಕೆಂದಿಲ್ಲ. ದುಡಿಯುವ ಊರಿನ ಆಸ್ಪತ್ರೆಯಲ್ಲಿ ಮಾಡಿಸಿದರೂ ಆಗುತ್ತದೆ, ಆ ರಿಪೋರ್ಟ್ ತಂದು ಇಲ್ಲಿ ತೋರಿಸಿ. ಆದರೆ ಅವರು ಪರೀಕ್ಷೆ ಮಾಡಿಸುವ ಗಟ್ಟಿ ಮನುಷ್ಯರಾ ಅನ್ನುವುದು ನಿಮಗೇ ಗೊತ್ತು.

ಆ ನಂಬಿಕೆ ಇಲ್ಲದಿದ್ದರೆ, ಅಥವಾ ಯಾವಾಗ ಬರುತ್ತಾರೆ ಎಂದೇ ತಿಳಿಯದಿದ್ದರೆ, ನಿಮ್ಮ ಕೈಯಲ್ಲೇ ಇರುವ ವಿಧಾನ ಒಳ್ಳೆಯದು. ಅದು ಟ್ಯೂಬೆಕ್ಟಮಿಯೇ ಆಗಬೇಕೆಂದಿಲ್ಲ, ಗರ್ಭಕೋಶದೊಳಗೆ ಇಡುವ ಕಾಪರ್-ಟಿಯೂ ಆದೀತು. ಇಂಥ ಕಡೆ ಗಂಡಸಿನ ಆಪರೇಷನ್ನೇ ಮೇಲು ಎಂದು ನಾನು ಹಟ ಹಿಡಿಯುವುದಿಲ್ಲ.

ಇನ್ನೊಂದು ಮಾತು. ಎರಡೂ ಆಪರೇಷನ್‌ಗಳು ಎಚ್‌ಐವಿಯನ್ನಾಗಲಿ, ಬೇರೆ ಲೈಂಗಿಕ ರೋಗಗಳನ್ನಾಗಲಿ ತಡೆಯುವುದಿಲ್ಲ. ಅದಕ್ಕೆ ಕಾಂಡೋಮ್ ಒಂದೇ.

ಹೇಗೂ ಸಿಸೇರಿಯನ್ ಆಗುತ್ತಿದೆ. ಆಗಲೇ ಮಾಡಿಸಿದರೆ ಒಳ್ಳೆಯದಲ್ವಾ?

ಒಳ್ಳೆಯದೇ. ಹೊಟ್ಟೆ ತೆರೆದಾಗಿರುತ್ತದೆ, ಮತ್ತೊಂದು ಗಾಯ ಬೇಕಾಗುವುದಿಲ್ಲ, ಹೆಚ್ಚುವರಿ ಅಪಾಯ ಕಡಿಮೆ. ಟ್ಯೂಬೆಕ್ಟಮಿಗೆ ಇದಕ್ಕಿಂತ ಸರಿಯಾದ ಸಮಯ ಇಲ್ಲ.

ಆದರೆ ನಿರ್ಧಾರ ಮೊದಲೇ ಆಗಿರಬೇಕು. ಹೆರಿಗೆ ನೋವಿನಲ್ಲಿದ್ದಾಗ, ಮಂಪರಿನಲ್ಲಿದ್ದಾಗ ಒಪ್ಪಿಗೆ ಪಡೆಯಬಾರದು ಎಂದು ಕೇಂದ್ರದ ನಿಯಮವೇ ಹೇಳುತ್ತದೆ. ತಪಾಸಣೆಗೆ ಹೋದಾಗಲೇ ಡಾಕ್ಟರಿಗೆ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಹುಟ್ಟುವ ಮಗು ಹೇಗಿದೆ ಎಂದು ನೋಡಿಕೊಂಡು ಆಮೇಲೆ ನಿರ್ಧರಿಸುತ್ತೇವೆ ಅನ್ನುವವರೂ ಇದ್ದಾರೆ. ಅದು ತಪ್ಪೇನಲ್ಲ. ಅಂಥವರಿಗೆ ಕೆಲವು ತಿಂಗಳ ನಂತರ ಗಂಡ ಮಾಡಿಸಿಕೊಳ್ಳುವುದೇ ಸಲೀಸು, ಯಾಕೆಂದರೆ ಅದಕ್ಕೆ ಹೆರಿಗೆಯ ಜೊತೆ ಕಟ್ಟುಪಾಡಿಲ್ಲ.

ನಾರ್ಮಲ್ ಹೆರಿಗೆಯಾದರೆ ಯಾವಾಗ ಮಾಡುತ್ತಾರೆ?

ಏಳು ದಿನದೊಳಗೆ. ಆ ಅವಧಿ ದಾಟಿದರೆ ಆರು ವಾರ ಕಾಯಬೇಕು. ಆಮೇಲೆ ಬಸುರಿಲ್ಲ ಎಂದು ಖಚಿತವಾದರೆ ಯಾವಾಗ ಬೇಕಾದರೂ ಮಾಡಬಹುದು. ಮುಟ್ಟು ಶುರುವಾದ ಏಳು ದಿನದೊಳಗೆ ಹೋದರೆ ಅನುಮಾನವೇ ಇರುವುದಿಲ್ಲ.

ನನಗೆ ರಕ್ತ ಕಡಿಮೆ ಇದೆ ಎಂದರು. ಮಾಡಿಸಬಹುದಾ?

ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆ ಇದ್ದರೆ ಮಾಡುವುದಿಲ್ಲ, ಮಾಡಲೂಬಾರದು. ನಮ್ಮ ಮೂರೂ ಜಿಲ್ಲೆಗಳಲ್ಲಿ ರಕ್ತಹೀನತೆ ಮನೆಮನೆಯ ತೊಂದರೆ. ಕಬ್ಬಿಣಾಂಶದ ಮಾತ್ರೆಯನ್ನು ಡಬ್ಬಿಯಲ್ಲೇ ಇಟ್ಟುಕೊಂಡವರು ಬಹಳ. ಬಾಣಂತಿಗೆ ರಕ್ತ ಕಡಿಮೆಯಿದ್ದು, ಗಂಡ ಗಟ್ಟಿಮುಟ್ಟಾಗಿ ಪಕ್ಕದಲ್ಲೇ ನಿಂತಿದ್ದಾಗ, ಅವಳನ್ನೇ ಆಪರೇಷನ್ ಟೇಬಲ್ಲಿಗೆ ಕಳಿಸುವುದು ಯಾವ ನ್ಯಾಯ?

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ, ಹಿಂದಿನ ಹೊಟ್ಟೆ ಆಪರೇಷನ್‌ಗಳು ಇದ್ದರೂ ಮೊದಲೇ ಹೇಳಿ. ಗಂಡಸರಾದರೆ ಹರ್ನಿಯಾ, ಬೀಜಕ್ಕೆ ನೀರು ತುಂಬಿದ್ದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವುದು ಹೇಳಲೇಬೇಕಾದವು.

ಹೆಂಗಸರು ಆಪರೇಷನ್ ಆದಮೇಲೆ ದಪ್ಪಗಾಗುತ್ತಾರೆ, ಬೆನ್ನು ನೋಯುತ್ತದೆ, ಮುಟ್ಟು ಕೆಡುತ್ತದೆ ಅಂತಾರೆ. ನಿಜವಾ?

ಟ್ಯೂಬೆಕ್ಟಮಿಯಲ್ಲಿ ಅಂಡಾಶಯವನ್ನು ಮುಟ್ಟುವುದಿಲ್ಲ. ಹಾರ್ಮೋನು ಮೊದಲಿನಂತೆಯೇ ಇರುತ್ತದೆ. ಹಾಗಾಗಿ ಅದರಿಂದ ಮೈ ಬರುವುದಿಲ್ಲ, ಮುಟ್ಟು ಪ್ರತಿ ತಿಂಗಳು ಬರುತ್ತದೆ. ಮೊದಲು ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದವರಿಗೆ ಅದನ್ನು ಬಿಟ್ಟಮೇಲೆ ಸ್ರಾವ ಜಾಸ್ತಿ ಅನ್ನಿಸಬಹುದು. ಅದು ಗುಳಿಗೆ ಬಿಟ್ಟಿದ್ದರ ಫಲ. ಎರಡು ಹೆರಿಗೆ, ಮೂವತ್ತು ದಾಟಿದ ವಯಸ್ಸು, ಹಗಲೆಲ್ಲಾ ಬಗ್ಗಿ ಮಾಡುವ ಕೆಲಸ ಇವು ಬೆನ್ನು ನೋಯಿಸುತ್ತವೆ. ದೂರು ಮಾತ್ರ ಆಪರೇಷನ್ ಮೇಲೆ.

ಹಾಗೆಂದು ನೋವು ಅಂದವರ ಮಾತನ್ನು ತಳ್ಳಿಹಾಕುವುದು ಬೇಡ. ಗಾಯದ ಜಾಗ ನೋಯುತ್ತಿದ್ದರೆ, ಬಿಳಿಸೆರಗು ವಾಸನೆ ಬರುತ್ತಿದ್ದರೆ, ಜ್ವರವಿದ್ದರೆ ತೋರಿಸಿ.

ಗರ್ಭಕೋಶ ತೆಗೆಸುವುದೂ ಇದೇ ಎಂದು ತಿಳಿದವರಿದ್ದಾರೆ. ಅಲ್ಲ. ಅದು ಬೇರೆಯೇ ದೊಡ್ಡ ಆಪರೇಷನ್. ಮಕ್ಕಳು ಬೇಡ ಅನ್ನುವ ಒಂದೇ ಕಾರಣಕ್ಕೆ ಯಾರಾದರೂ "ಗರ್ಭಕೋಶವನ್ನೇ ತೆಗೆಸಿಬಿಡಿ" ಎಂದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮಲ್ಲಿ ಬೇಸಿಗೆ ಭಯಂಕರ. ಬೇಸಿಗೆಯಲ್ಲಿ ಮಾಡಿಸಿದರೆ ಗಾಯ ಮಾಯುವುದಿಲ್ಲವಂತೆ?

ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಯಾರಿಗೇ ಆಗಲಿ ಮಲಗಿರುವುದು ಕಷ್ಟ, ಅದು ನಿಜ. ಬೆವರು ಕೂತರೆ ಗಾಯ ಕೆರೆಯುತ್ತದೆ. ಆದರೆ ಶುಚಿಯಾಗಿ ಒಣಗಿಸಿಟ್ಟುಕೊಂಡರೆ ಗಾಯ ಯಾವ ಕಾಲದಲ್ಲೂ ಮಾಯುತ್ತದೆ. ಚಳಿಗಾಲ ಬರಲಿ ಎಂದು ಕಾಯುತ್ತಾ ಅಷ್ಟರಲ್ಲೇ ಮತ್ತೆ ಬಸುರಾದವರನ್ನು ನೀವೂ ನೋಡಿರುತ್ತೀರಿ.

ಕಾಲದ ಮಾತು ಬಂದಿತೆಂದು ಹೇಳುತ್ತೇನೆ. ಸರ್ಕಾರ ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ವ್ಯಾಸೆಕ್ಟಮಿ ಪಾಕ್ಷಿಕ ನಡೆಸುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಾಲುವೆ ಸೀಮೆಯಲ್ಲಿ ಅದು ಭತ್ತದ ಕೊಯ್ಲಿನ ಹೊತ್ತು. ಗಂಡಸರು ಗದ್ದೆ ಬಿಟ್ಟು ಬರುವುದುಂಟೇ! ಯಾರು ಆ ತಾರೀಖು ಹಾಕಿದರೋ, ತುಂಗಭದ್ರಾ ಕಾಲುವೆ ನೋಡಿದವರಂತೂ ಅಲ್ಲ. ಆ ಎರಡು ವಾರ ತಪ್ಪಿದರೆ ಚಿಂತೆಯಿಲ್ಲ, ವರ್ಷದ ಬೇರೆ ದಿನಗಳಲ್ಲೂ ಮಾಡುತ್ತಾರೆ.

ಯಾರಿಗೆ ಮಾಡುತ್ತಾರೆ? ಗಂಡನ ಸಹಿ ಬೇಕಾ?

ಸರ್ಕಾರಿ ನಿಯಮದ ಪ್ರಕಾರ ಮದುವೆಯಾಗಿರಬೇಕು. ಹೆಂಗಸಿನ ವಯಸ್ಸು 22ಕ್ಕಿಂತ ಹೆಚ್ಚು, 49ಕ್ಕಿಂತ ಕಡಿಮೆ ಇರಬೇಕು. ಗಂಡಸಿನದು 60ರ ಒಳಗೆ. ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಇಬ್ಬರಲ್ಲಿ ಒಬ್ಬರಿಗೆ ಆಗಲೇ ಆಗಿದ್ದರೆ ಇನ್ನೊಬ್ಬರಿಗೆ ಮಾಡುವುದಿಲ್ಲ, ಅದು ಫೇಲಾಗಿದ್ದರೆ ಮಾತು ಬೇರೆ.

ಇನ್ನು ಸಹಿ. ಮಾಡಿಸಿಕೊಳ್ಳುವವರ ಸಹಿಯೋ ಹೆಬ್ಬೆಟ್ಟೋ ಇದ್ದರೆ ಸಾಕು. ಗಂಡನ ಅಥವಾ ಹೆಂಡತಿಯ ಒಪ್ಪಿಗೆ ಕಡ್ಡಾಯವಲ್ಲ ಎಂದು ಕೇಂದ್ರದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಆದರೂ "ಯಜಮಾನ್ರನ್ನ ಕರಕೊಂಡು ಬಾ" ಎಂದು ವಾಪಸ್ ಕಳಿಸುವುದು ನಡೆಯುತ್ತದೆ. ನಿಯಮ ಹೀಗಿದೆ ಎಂದು ಮೆತ್ತಗೆ ಹೇಳಿ. ಕೇಳದಿದ್ದರೆ ಜಿಲ್ಲಾ ಕುಟುಂಬ ಕಲ್ಯಾಣ ಅಧಿಕಾರಿಗೆ ಹೇಳಬಹುದು. ಫಾರಂ ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೇ ಸಹಿ ಮಾಡಿ. ಟೇಬಲ್ ಹತ್ತುವ ಮುಂಚೆ ಯಾವ ಗಳಿಗೆಯಲ್ಲಾದರೂ ಬೇಡ ಅನ್ನಬಹುದು. ಹಾಗೆಂದರೆ ಬೇರೆ ಯಾವ ಚಿಕಿತ್ಸೆಯೂ, ಸೌಲಭ್ಯವೂ ತಪ್ಪುವುದಿಲ್ಲ.

ಎರಡೂ ಹೆಣ್ಣು. ಅತ್ತೆ ಬೇಡ ಅಂತಾರೆ.

ಅತ್ತೆಗೆ ಮೊಮ್ಮಗ ಬೇಕು, ಹೆರುವವರು ನೀವು. ಮೂರನೆಯದೂ ಹೆಣ್ಣಾದರೆ ಆಗಲೂ ಇದೇ ಮಾತು ಬರುತ್ತದೆ ಅಲ್ವಾ? ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಸಿ ಅತ್ತೆಯ ಎದುರೇ ಮಾತಾಡಿಸಿ. ಎಷ್ಟೋ ಮನೆಗಳಲ್ಲಿ ಸೊಸೆಯ ಮಾತಿಗಿಲ್ಲದ ತೂಕ ಆಶಾ ಅಕ್ಕನ ಮಾತಿಗಿರುತ್ತದೆ. ಅದಕ್ಕಿಂತ ತೂಕ ಮಗನ ಮಾತಿಗೆ. "ಯವ್ವಾ, ನಾನೇ ಮಾಡಿಸ್ಕೋತೀನಿ" ಎಂದು ಅವನೇ ಅಂದರೆ ಜಗಳ ಒಂದು ದಿನದ್ದು.

ಮುಂದೆ ಮತ್ತೆ ಮಗು ಬೇಕು ಅನ್ನಿಸಿದರೆ?

ಇವು ಶಾಶ್ವತ ಎಂದುಕೊಂಡೇ ಮಾಡಿಸಿ. ನಾಳ ಮತ್ತೆ ಜೋಡಿಸುವ ಆಪರೇಷನ್ ಇದೆ. ಆದರೆ ಅದು ಕಷ್ಟದ್ದು, ಎಲ್ಲಾ ಕಡೆ ಮಾಡುವುದಿಲ್ಲ, ಮಗು ಆಗಿಯೇ ಆಗುತ್ತದೆ ಎಂದು ಯಾರೂ ಮಾತು ಕೊಡುವುದಿಲ್ಲ. ವರ್ಷ ಕಳೆದಷ್ಟೂ ಆಸೆ ಕಡಿಮೆ.

ಸಣ್ಣ ವಯಸ್ಸಿನಲ್ಲಿ ಅವಸರದಲ್ಲಿ ಮಾಡಿಸಿದವರೇ ಆಮೇಲೆ ಹೆಚ್ಚಾಗಿ ಕೊರಗುವುದು. ನಮ್ಮ ಕಡೆ 18-19ಕ್ಕೆ ಮದುವೆ, 23ಕ್ಕೆ ಎರಡು ಮಕ್ಕಳು, 24ಕ್ಕೆ ಆಪರೇಷನ್. ಇಷ್ಟು ಎಳೆಯ ವಯಸ್ಸಿನಲ್ಲಿ ಬಾಗಿಲು ಪೂರ್ತಿ ಮುಚ್ಚುವ ಮೊದಲು ಬೇರೆ ವಿಧಾನಗಳನ್ನು ಒಮ್ಮೆ ನೋಡಿ.

ಬೇರೆ ವಿಧಾನಗಳು ಯಾವುವು?

ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ. ಬೇಡವೆನಿಸಿದರೆ ತೆಗೆಸಬಹುದು. ಹೆರಿಗೆಯಾದ 48 ಗಂಟೆಯೊಳಗೂ ಹಾಕುತ್ತಾರೆ. ಕೆಲವರಿಗೆ ಮೊದಲ ತಿಂಗಳುಗಳಲ್ಲಿ ಮುಟ್ಟಿನ ಸ್ರಾವ ಜಾಸ್ತಿಯಾಗುತ್ತದೆ, ರಕ್ತ ಕಡಿಮೆ ಇದ್ದವರು ಇದನ್ನು ಗಮನದಲ್ಲಿಡಿ. 'ಅಂತರ' ಎಂಬ ಗರ್ಭನಿರೋಧಕ ಇಂಜೆಕ್ಷನ್ ಮೂರು ತಿಂಗಳಿಗೊಂದು. 'ಛಾಯಾ' ಎಂಬ ಗರ್ಭನಿರೋಧಕ ಗುಳಿಗೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಗಂಡಸರಿಗೂ ಒಂದು ಇಂಜೆಕ್ಷನ್ ಬಂದಿದೆಯಂತೆ?

ರಿಸಗ್ ಎಂದು ಅದರ ಹೆಸರು. ನಾಳ ಕತ್ತರಿಸದೆ ಅದರೊಳಗೆ ಔಷಧಿ ಚುಚ್ಚುವ ವಿಧಾನ. ನಮ್ಮ ದೇಶದಲ್ಲೇ ಹುಟ್ಟಿದ್ದು, ಐಐಟಿ ಖರಗ್‌ಪುರದ ಕೆಲಸ. 303 ಗಂಡಸರ ಮೇಲೆ ನಡೆದ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು, ಚೆನ್ನಾಗಿಯೇ ಇತ್ತು. ಅದು ಆಸ್ಪತ್ರೆಗಳಿಗೆ ಬಂದಮೇಲೆ ನೋಡೋಣ ಎಂದು ಕಾಯುತ್ತಾ ಕೂರಬೇಡಿ.

ದುಡ್ಡು ಕೊಡುತ್ತಾರಂತೆ, ಎಷ್ಟು?

ಆಪರೇಷನ್ ಉಚಿತ. ಕೂಲಿ ನಷ್ಟಕ್ಕೆಂದು ಸರ್ಕಾರ ಸ್ವಲ್ಪ ಹಣ ಕೊಡುತ್ತದೆ. ನಮ್ಮಂಥ ರಾಜ್ಯಗಳಿಗೆ ಕೇಂದ್ರದ ಯೋಜನೆಯಲ್ಲಿ ನಿಗದಿಯಾದ ಮೊತ್ತ ವ್ಯಾಸೆಕ್ಟಮಿಗೆ 1,100 ರೂಪಾಯಿ. ಟ್ಯೂಬೆಕ್ಟಮಿಗೆ ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದವರಿಗೆ 600, ಉಳಿದವರಿಗೆ 250. ಹೋಗುವ ಮುಂಚೆ ಈಗಿನ ಮೊತ್ತವನ್ನು ಆಶಾ ಹತ್ತಿರ ಕೇಳಿ. ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಈ ದುಡ್ಡಿಗಾಗಿ ಮಾಡಿಸುವವರು ಯಾರಾದರೂ ಇದ್ದರೆ ಮನೆಗೆ ಹೋಗಿ ಇನ್ನೊಮ್ಮೆ ಯೋಚಿಸಲಿ.

ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. 2013ರಿಂದ ಕುಟುಂಬ ಯೋಜನೆ ಪರಿಹಾರದ ಒಂದು ಯೋಜನೆ ಇದೆ. ಆಪರೇಷನ್ ಫೇಲಾದರೆ, ತೊಂದರೆಯಾದರೆ, ಜೀವ ಹೋದರೆ ಪರಿಹಾರ ಸಿಗುತ್ತದೆ. 90 ದಿನದೊಳಗೆ ಅರ್ಜಿ ಹಾಕಬೇಕು. ಅದಕ್ಕೆ ಡಿಸ್ಚಾರ್ಜ್ ಚೀಟಿ, ಒಪ್ಪಿಗೆ ಪತ್ರದ ಪ್ರತಿ, ಸರ್ಟಿಫಿಕೇಟ್ ಬೇಕು. ರೇಷನ್ ಕಾರ್ಡ್ ಇಡುವ ಕವರಿನಲ್ಲೇ ಇವನ್ನೂ ಇಡಿ. ಹೆಂಗಸರಿಗೆ ಒಂದು ತಿಂಗಳಾದ ಮೇಲೆ, ಅಥವಾ ಅದಕ್ಕೂ ಮೊದಲೇ ಮುಟ್ಟಾದರೆ ಆಗಲೇ, ಸರ್ಟಿಫಿಕೇಟ್ ಕೊಡುತ್ತಾರೆ. ಕೇಳಿ ಪಡೆಯಿರಿ.

ಸರ್ಕಾರಿ ಆಸ್ಪತ್ರೆ ಅಂದರೆ ಭಯ. ಬಳ್ಳಾರಿಯಲ್ಲಿ ಬಾಣಂತಿಯರು ಸತ್ತರಲ್ಲ?

ಆ ಭಯಕ್ಕೆ ಕಾರಣವಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಡ್ರಿಪ್ ಮೂಲಕ ಕೊಟ್ಟ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಅದಕ್ಕೂ ಹತ್ತು ವರ್ಷ ಹಿಂದೆ, 2014ರ ನವೆಂಬರ್‌ನಲ್ಲಿ, ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಕ್ಯಾಂಪಿನಲ್ಲಿ ಒಂದೇ ದಿನ 83 ಹೆಂಗಸರಿಗೆ ಆಪರೇಷನ್ ಮಾಡಿದರು, ಹದಿಮೂರು ಮಂದಿ ಸತ್ತರು. ಒಂದು ತಂಡ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದೆಂಬ ನಿಯಮ ಆಗಲೇ ಇತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಕ್ಯಾಂಪ್ ಪದ್ಧತಿಯನ್ನೇ ಮೂರು ವರ್ಷದೊಳಗೆ ನಿಲ್ಲಿಸಿ ಎಂದಿತು.

ಹಾಗಾಗಿ ಶಾಲೆ ಕಟ್ಟಡದಲ್ಲೋ, ಟೆಂಟಿನಲ್ಲೋ ಮಾಡುತ್ತೇವೆಂದರೆ ಹೋಗಬೇಡಿ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲೇ ಆಗಬೇಕು. ಇವತ್ತು ಎಷ್ಟು ಜನರಿಗೆ ಮಾಡುತ್ತಿದ್ದೀರಿ ಎಂದು ಕೇಳುವುದು ನಿಮ್ಮ ಹಕ್ಕು. ಹೊಟ್ಟೆ ತೆರೆಯದ, ಡ್ರಿಪ್ ಕೂಡ ಸಾಮಾನ್ಯವಾಗಿ ಬೇಡದ ಆಪರೇಷನ್ ಒಂದಿದೆಯಲ್ಲ, ಅದನ್ನು ಯೋಚಿಸಲು ಇದೂ ಒಂದು ಕಾರಣ.

ಎಲ್ಲಿ ಮಾಡುತ್ತಾರೆ? ಏನೇನು ಒಯ್ಯಬೇಕು?

ಟ್ಯೂಬೆಕ್ಟಮಿ ತಾಲೂಕು ಆಸ್ಪತ್ರೆಗಳಲ್ಲಿ ಆಗುತ್ತದೆ. ಎನ್‌ಎಸ್‌ವಿ ಕಲಿತ ಡಾಕ್ಟರು ಎಲ್ಲಾ ಕಡೆ ಎಲ್ಲಾ ದಿನ ಇರುವುದಿಲ್ಲ. ಆಶಾ ಅಥವಾ ಉಪಕೇಂದ್ರದ ಸಿಸ್ಟರ್ ಹತ್ತಿರ ದಿನ ಗೊತ್ತು ಮಾಡಿಕೊಂಡೇ ಹೊರಡಿ, ಇಲ್ಲದಿದ್ದರೆ ಬಸ್ ಚಾರ್ಜು ದಂಡ. ತಾಲೂಕಿನಲ್ಲಿ ಆಗದಿದ್ದರೆ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ.

ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ರೇಷನ್ ಕಾರ್ಡ್, ತಾಯಿ ಕಾರ್ಡ್, ಹಳೆಯ ರಿಪೋರ್ಟ್ ಇದ್ದರೆ ಅವೂ ಇರಲಿ. ಹೆಂಗಸರು ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಎಷ್ಟು ಗಂಟೆಯಿಂದ ಎಂದು ಸಿಸ್ಟರ್ ಹೇಳುತ್ತಾರೆ. ಜೊತೆಗೊಬ್ಬರು ಇರಲೇಬೇಕು. ಗಂಡಸರು ಹಗುರಾಗಿ ತಿಂದು ಹೋಗಬಹುದು. ಹಿಂದಿನ ದಿನ ಅಲ್ಲಿಯ ಕೂದಲು ಕತ್ತರಿಸಿ, ಸೋಪು ಹಚ್ಚಿ ಸ್ನಾನ ಮಾಡಿ. ಬಿಗಿ ಚಡ್ಡಿ ಒಯ್ಯಿರಿ. ಮರಳುವಾಗ ಬೈಕನ್ನು ನೀವೇ ಓಡಿಸಬೇಡಿ.

ಮನೆಗೆ ಬಂದಮೇಲೆ ಜ್ವರ, ಗಾಯದಿಂದ ಕೀವು ಅಥವಾ ರಕ್ತ, ದಿನದಿಂದ ದಿನಕ್ಕೆ ಹೆಚ್ಚುವ ಬಾವು, ಹೊಟ್ಟೆ ಉಬ್ಬರ, ಮೂತ್ರ ಕಟ್ಟುವುದು, ಈ ಯಾವುದಾದರೂ ಒಂದಿದ್ದರೂ ಮಾಡಿಸಿದ ಆಸ್ಪತ್ರೆಗೇ ಅವತ್ತೇ ವಾಪಸ್ ಹೋಗಿ. ಓಣಿಯ ಮೆಡಿಕಲ್ ಶಾಪಿನಲ್ಲಿ ಗುಳಿಗೆ ತಂದು ನುಂಗಿ ಎರಡು ದಿನ ನೋಡೋಣ ಅನ್ನಬೇಡಿ.